ಸಜ್ಜೆಕಾಳಿನಷ್ಟು

ನನ್ನ ಹೊರಸಿನ ಮೇಲೆ ಒಂದು ಹಳೆಯ ಕೌದಿ ಇದೆ. ಮನೆಗೆ ಬಂದವರು ಅದನ್ನು ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಸವೆದ ಇಳಕಲ್ ಸೀರೆಯ ತುಂಡು, ಮಾವನವರ ಧೋತರ, ಯಾರದೋ ಲಂಗದ ಅಂಚು, ಎಲ್ಲವನ್ನೂ ಒಂದರ ಮೇಲೊಂದು ಹಾಸಿ ದಪ್ಪ ದಾರದಲ್ಲಿ ಹೊಲಿದ, ನಮ್ಮ ಸೀಮೆಯ ಮನೆಮನೆಯಲ್ಲೂ ಇರುವಂಥದೇ. ಆದರೆ ಮಧ್ಯಾಹ್ನದ ಊಟ ಮುಗಿಸಿ ಅದರ ಮೇಲೆ ಮೈಚಾಚಿದೆನೆಂದರೆ ನನ್ನ ಬೆರಳು ತಾನಾಗಿಯೇ ಹೊಲಿಗೆಯ ಸಾಲು ಹಿಡಿದು ಹೊರಡುತ್ತದೆ. ತಲೆದೆಸೆಯಲ್ಲಿ ಸಾಲುಗಳು ಬಿತ್ತಿದ ಹೊಲದಂತೆ ನೇರ. ನಡುವಿಗೆ ಬರುತ್ತಿದ್ದಂತೆ ಅವು ತೂಕಡಿಸತೊಡಗುತ್ತವೆ. ಒಂದು ಮೇಲೇರುತ್ತದೆ, ಇನ್ನೊಂದು ಪಕ್ಕದ ಸಾಲಿನ ಮೇಲೇ ಹೋಗಿ ಒರಗುತ್ತದೆ. ಅದರ ಕೆಳಗೆ ಒಂದು ಗೇಣು ಜಾಗದ ಹೊಲಿಗೆ ನನ್ನದು, ಅದರ ವಿಷಯ ಮಾತಾಡದಿರುವುದೇ ಒಳ್ಳೆಯದು. ಕಾಲ್ದೆಸೆಯಲ್ಲಿ ಮತ್ತೆ ನೇರ. ಗೆಳೆಯರೇ, ಒಬ್ಬ ಹೆಣ್ಣುಮಗಳ ಬೆನ್ನುನೋವಿನ ಕಥೆಯನ್ನು ನಾನು ಹೀಗೆ ಬೆರಳಿನಿಂದ ಓದುತ್ತೇನೆ.

ಆ ಹೆಣ್ಣುಮಗಳು ನನ್ನ ಅತ್ತೆ ಹಂಪಮ್ಮ. ಎಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕಿಗೆ ಸೊಸೆಯಾಗಿ ಬಂದಾಗ ಓಣಿಯಲ್ಲಿ ಅವರು ಎರಡು ಸಂಗತಿಗೆ ಹೆಸರಾಗಿದ್ದರು: ಒಂದು ಸೂಜಿ, ಇನ್ನೊಂದು ಬಾಯಿ. ಎರಡೂ ಚೂಪು. ತಾಯಿಯಿಲ್ಲದೆ ಬೆಳೆದ ನನಗೆ ಬೈಯುವವರೂ ಇರಲಿಲ್ಲ, ಹೊಚ್ಚುವವರೂ ಇರಲಿಲ್ಲ. ಅತ್ತೆ ಎರಡನ್ನೂ ಒಟ್ಟಿಗೆ ಮಾಡಿದರು. ಬೆಳಗಿನಿಂದ ಬೈದು, ಮಳೆಗಾಲದ ಚಳಿಗೆ ನಾನು ಮುದುಡಿ ಮಲಗಿದಾಗ ಬಂದು ತಮ್ಮದೇ ಕೌದಿ ಹೊಚ್ಚಿ ಹೋಗುತ್ತಿದ್ದರು. ನನಗೆ ಅವರ ಮೇಲೆ ಬಲು ಪ್ರೀತಿಯಿತ್ತು. ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಹರೆಯದಲ್ಲಿ ಒಮ್ಮೆ ಹತ್ತಿಕಟ್ಟಿಗೆ ಹೇರಿದ ಬಂಡಿಯ ಮೇಲಿಂದ ಬಿದ್ದಿದ್ದರಂತೆ. ಗಾಯವೇನೋ ಮಾಯಿತು, ನೋವು ಮಾತ್ರ ಬೆನ್ನಿನಲ್ಲೇ ಮನೆ ಮಾಡಿಕೊಂಡಿತು. ಎಣ್ಣೆ, ಕಾಸಿದ ಉಪ್ಪು, ಹರಕೆ, ತಾಯತ ಎಲ್ಲ ಮುಗಿದ ಮೇಲೆ ಲಿಂಗಸುಗೂರಿನ ಒಬ್ಬ ಹಕೀಮರು ಅವರಿಗೆ ಅಫೀಮು ಕೊಟ್ಟರು. ನಿಜಾಮರ ಕಾಲದಲ್ಲಿ ಅದನ್ನು ಲೈಸನ್ಸಿನ ಅಂಗಡಿಯಲ್ಲಿ ಮಾರುತ್ತಿದ್ದರಂತೆ, ಆಗ ಅದೊಂದು ಬೆಚ್ಚಿಬೀಳುವ ಮಾತಾಗಿರಲಿಲ್ಲ. ಹಕೀಮರು ಅಳತೆಯನ್ನೂ ಹೇಳಿಕೊಟ್ಟರು. ತಕ್ಕಡಿ ಗುಂಜಿಗಳ ಗೊಡವೆಯಿಲ್ಲದ ಹೆಂಗಸಿಗೆ ಹೇಗೆ ಹೇಳಬೇಕೋ ಹಾಗೆ ಹೇಳಿದರು: "ನೋಡ್ ಬೇಟಿ, ನಿಮ್ಮ ಮನ್ಯಾಗ ಯಾವ ಕಾಳು ತಿಂತೀರಿ, ಆ ಒಂದು ಕಾಳಿನಷ್ಟು. ಜಾಸ್ತಿ ತಗೊಂಡ್ರ ಅದು ದವಾ ಅಲ್ಲ, ಜಹರ್."

ಮನೆಯಲ್ಲಿ ಆಗ ತಿನ್ನುತ್ತಿದ್ದುದು ಸಜ್ಜೆ. ಅತ್ತೆ ದಿನಾ ಬೆಳಿಗ್ಗೆ ಚಹಾ ಕುಡಿದು, ಎಲೆಅಡಿಕೆಯ ಚಂಚಿಯಿಂದ ಹಿತ್ತಾಳೆಯ ಸಣ್ಣ ಡಬ್ಬಿ ತೆಗೆದು, ಎಡ ಅಂಗೈಯಲ್ಲಿ ಒಂದು ಸಜ್ಜೆಕಾಳು ಇಟ್ಟುಕೊಂಡು, ಅದರ ಪಕ್ಕಕ್ಕೆ ಕಪ್ಪು ಅಂಟನ್ನು ಉರುಳಿಸಿ ಉರುಳಿಸಿ ಕಾಳಿಗೆ ಸರಿದೂಗಿಸುತ್ತಿದ್ದರು. ಗುಳಿಗೆ ಬಾಯಿಗೆ, ಸಜ್ಜೆಕಾಳು ಅಂಗಳದ ಗುಬ್ಬಿಗೆ. ಸ್ವಲ್ಪ ಹೊತ್ತಿಗೆ ಮುಖದ ಗಂಟು ಸಡಿಲವಾಗಿ, ಗೋಡೆಗೆ ಆತು ಕುಳಿತು, ಕೌದಿಯನ್ನು ಮೊಣಕಾಲ ಮೇಲೆ ಎಳೆದುಕೊಳ್ಳುತ್ತಿದ್ದರು. ನೋವು ಪೂರ್ತಿ ಹೋಗುತ್ತಿರಲಿಲ್ಲ. "ಹೋಗಿಲ್ಲ ಬೇ, ಒಂಚೂರು ಸರಕೊಂಡು ಜಾಗ ಕೊಟ್ಟೈತಿ" ಎನ್ನುತ್ತಿದ್ದರು. ಆ ಸರಿದ ಜಾಗದಲ್ಲಿ ಅವರು ಎಷ್ಟು ಕೌದಿ ಹೊಲಿದರು, ಎಷ್ಟು ಜನರನ್ನು ಬೈದರು ಎಂಬುದನ್ನು ನೆನೆದರೆ, ಆ ಕಪ್ಪು ಕಾಳನ್ನು ಸಾರಾಸಗಟಾಗಿ ವಿಷವೆಂದು ಕರೆಯಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಆಮೇಲೆ ನಮ್ಮವರಿಗೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ನಾವೆಲ್ಲ ಅಲ್ಲಿಗೆ ಹೋದೆವು. ಮಸ್ಕಿಯಿಂದ ಬಸ್ಸಿನಲ್ಲಿ ಹೊರಟು ಬಳಗಾನೂರಿನ ಕಡೆಯ ಗದ್ದೆಗಳ ಹಸಿರು ಕಣ್ಣಿಗೆ ಬಿದ್ದಾಗ ಅತ್ತೆ "ಅಬ್ಬಬ್ಬಾ, ಏಸು ನೀರಪ್ಪೋ!" ಎಂದು ಸೆರಗು ಬಾಯಿಗೆ ಹಿಡಿದದ್ದು ನೆನಪಿದೆ. ಕಾಲುವೆಯ ಸೀಮೆ, ಒಣಭೂಮಿಯಿಂದ ಬಂದ ನಮಗೆ ದಿನಾ ಅನ್ನವೆಂದರೆ ದಿನಾ ಹಬ್ಬ. ಗಿರಣಿಯ ಮನೆ, ಎಲ್ಲಿ ನೋಡಿದರೂ ಭತ್ತ. ಸಜ್ಜೆಯ ಡಬ್ಬಿ ಖಾಲಿಯಾದದ್ದನ್ನು ಯಾರೂ ಗಮನಿಸಲಿಲ್ಲ. ನಾನು ಬಸುರಿಯಾದೆ. ತಾಯಿಯಿಲ್ಲದ ನನ್ನ ಬಾಣಂತನ ಅತ್ತೆಯೇ ಮಾಡುವುದೆಂದಾಯಿತು, ಬಾಣಂತಿಯ ಹೊರಸಿಗೆಂದು ಅವರು ಈ ಕೌದಿ ಹಿಡಿದರು. "ಕೂಸು ಬರೂದ್ರಾಗ ಮುಗಿಸ್ತೀನಿ, ನೋಡ್ತಿರು" ಎಂದು ಪಂಥ ಕಟ್ಟಿದವರಂತೆ ಹೇಳಿದರು. ತಲೆದೆಸೆಯ ನೇರ ಸಾಲುಗಳು ಆಗಿನವು.

ಮೊದಲು ನಿಂತದ್ದು ಬೈಗುಳ. ಹಾಲು ಉಕ್ಕಿಸಿದೆ, ಬೈಯಲಿಲ್ಲ. ಬಾಗಿಲು ಹಾಕದೆ ನೀರಿಗೆ ಹೋದೆ, ನಾಯಿ ಅನ್ನದ ಗಡಿಗೆಗೆ ಬಾಯಿ ಹಾಕಿತು, ಆಗಲೂ ಇಲ್ಲ. ನೋಡಲು ಬಂದ ಮಸ್ಕಿಯ ಓಣಿಯವರು "ಸಿಂಧನೂರ ನೀರು ಕುಡ್ದು ಹಂಪಮ್ಮ ತಣ್ಣಗಾಗ್ಯಾಳ" ಎಂದು ನಗಾಡಿದರು. ನನಗೆ ಮಾತ್ರ ಒಳಗೇ ದಿಗಿಲು. ಸೂಜಿ ಅರ್ಧ ಬಟ್ಟೆಯೊಳಗೆ, ಅತ್ತೆಯ ಗದ್ದ ಎದೆಯ ಮೇಲೆ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದರೂ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಕಟ್ಟಿ ಊಟ ಸೇರುತ್ತಿರಲಿಲ್ಲ. ಎಬ್ಬಿಸಿದರೆ "ಹ್ಞಾಂ" ಎಂದು ನಕ್ಕು, ನಾನು ಯಾರೆಂದು ಒಂದು ಕ್ಷಣ ಯೋಚಿಸುವವರಂತೆ ನೋಡುತ್ತಿದ್ದರು. ಸಾಲುಗಳು ತೂಕಡಿಸಿದ್ದು ಆಗಲೇ.

ಒಂದು ಬೆಳಿಗ್ಗೆ ಅವರ ಅಂಗೈ ನೋಡಿದೆ. ಅಲ್ಲಿದ್ದುದು ಭತ್ತದ ಕಾಳು. ಪಕ್ಕದಲ್ಲಿ ಅಷ್ಟೇ ಉದ್ದದ, ಅಷ್ಟೇ ದಪ್ಪದ ಕರಿಗುಳಿಗೆ. ಗುಂಡಗಿದ್ದದ್ದು ಉದ್ದವಾಗಿತ್ತು.

"ಅತ್ತಿ, ಇದೇನ್ರಿ ಇಷ್ಟು ದೊಡ್ಡದು?"

"ಒಂದ ಕಾಳು ಬೇ. ಹಕೀಮರು ಹೇಳಿದಂಗ, ಮನ್ಯಾಗ ತಿನ್ನೂ ಕಾಳು. ನಾ ಎಂದಾದ್ರೂ ಮಾತು ಮೀರೀನೇನು?"

ಮೀರಿರಲಿಲ್ಲ. ಅದೇ ಫಜೀತಿ. ನಿಯಮ ಕೂದಲೆಳೆಯಷ್ಟೂ ಕದಲಲಿಲ್ಲ, ಮನೆಯ ಕಾಳು ಬದಲಾಗಿತ್ತು. ಹಕೀಮರು ಆ ಮಾತು ಹೇಳಿದಾಗ ಮಸ್ಕಿಯ ಆ ಮನೆಗೆ ಸಜ್ಜೆ ಬಿಟ್ಟು ಬೇರೆ ಕಾಳು ಬಂದೀತೆಂದು ಯಾರು ಕನಸು ಕಂಡಿದ್ದರು? ಇಷ್ಟರ ಮೇಲೆ ದೇಹ ಬಹಳ ಜಾಣ; ದೊಡ್ಡ ಗುಳಿಗೆಗೂ ಒಗ್ಗಿಕೊಂಡು, ಇದೂ ಸಾಲದೆಂದು ಗೊಣಗಲು ಶುರುಮಾಡಿತ್ತು. ಅತ್ತೆ ಸಂಜೆಗೂ ಒಂದು ನುಂಗತೊಡಗಿದ್ದರು.

ಭಯ ಇನ್ನೊಂದು ಇತ್ತು. ನಮ್ಮ ಕಡೆ ಹೊಲಕ್ಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ಇದನ್ನೇ ಒಂದಿಷ್ಟು ನಾಲಿಗೆಗೆ ನೆಕ್ಕಿಸುತ್ತಿದ್ದುದುಂಟು. ಮಲಗಿದ ಕೂಸು ಮತ್ತೆ ಏಳದ ಮನೆಗಳನ್ನು ನಾನು ಬಲ್ಲೆ. ನನ್ನ ಹೊಟ್ಟೆಯಲ್ಲಿ ಕೂಸು, ಅತ್ತೆಯ ಚಂಚಿಯಲ್ಲಿ ಡಬ್ಬಿ. ಎರಡೂ ಒಂದೇ ಸೂರಿನಡಿ ಹೇಗೆ ಇರಬೇಕು?

ಊರಿನಲ್ಲೇ ಒಬ್ಬ ಹೊಸ ಡಾಕ್ಟರಿಗೆ ತೋರಿಸಿದೆವು. ಅವರು ಡಬ್ಬಿ ನೋಡಿದ್ದೇ ಹೌಹಾರಿದರು. ಕಾಯದೆ ಬಿಗಿಯಾಗಿದೆ, ಪೊಲೀಸರಿಗೆ ಗೊತ್ತಾದರೆ ಕಷ್ಟ, ಇವತ್ತಿನಿಂದಲೇ ಪೂರಾ ಬಂದ್ ಎಂದರು. ನಮ್ಮವರು ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಮರುದಿನದಿಂದ ಅತ್ತೆಗೆ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈಯೆಲ್ಲ ನಡುಕ, ವಾಂತಿ ಭೇದಿ. ಅದರ ಮೇಲೆ ಇಷ್ಟು ವರ್ಷ ಸರಿದು ಕೂತಿದ್ದ ನೋವು ಸೇಡು ತೀರಿಸಿಕೊಳ್ಳುವಂತೆ ಮರಳಿ ಬಂತು. ಮಗನ ಕೈ ಹಿಡಿದು "ಬಸ್ಯಾ, ಕೊಡಪ್ಪಾ, ನಿನ್ನ ಕಾಲಿಗಿ ಬೀಳ್ತೀನಿ" ಎಂದರು. ಓಣಿಯನ್ನೇ ಆಳಿದ ಹೆಂಗಸು! ನಮ್ಮವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಚಿಕ್ಕ ಹುಡುಗನಂತೆ ಅತ್ತರು. ಆ ದಿನಗಳಲ್ಲಿ, ಅತ್ತೆಗೆ ಸಮಾಧಾನವಾದೀತೆಂದು, ಅವರ ಕಣ್ಣೆದುರಿಗೇ ಕೌದಿ ಹಿಡಿದು ಆ ಒಂದು ಗೇಣು ನಾನು ಹೊಲಿದೆ. ಅವರು ಅದನ್ನು ನೋಡಲೂ ಇಲ್ಲ.

ಕಡೆಗೆ ಹಕೀಮರನ್ನೇ ಕೇಳೋಣವೆಂದು ಲಿಂಗಸುಗೂರಿಗೆ ಕರೆದುಕೊಂಡು ಹೋದೆವು. ಹಕೀಮರು ತೀರಿಕೊಂಡಿದ್ದರು. ಅವರ ಮಗ ಅತ್ತೆಯ ಸ್ಥಿತಿ ನೋಡಿ, "ಇದು ನನ್ನ ಕೈಲೆ ಆಗೂ ಮಾತಲ್ಲ ಆಪಾ" ಎಂದು ತಾನೇ ಮುಂದಾಗಿ ಒಬ್ಬ ಹಿರಿಯ ಡಾಕ್ಟರರ ಬಳಿಗೆ ಕರೆದೊಯ್ದರು. ಆ ಡಾಕ್ಟರು ಎಲ್ಲಿ ನೋವು, ಎಷ್ಟು ನೋವು ಎಂದು ಕೇಳುವ ಮೊದಲು ಬೇರೊಂದು ಪ್ರಶ್ನೆ ಕೇಳಿದರು.

"ಯವ್ವಾ, ಬ್ಯಾನಿ ಕಡಿಮಿ ಆದ್ರ ನೀವು ಏನು ಮಾಡಬೇಕಂತೀರಿ?"

ಅತ್ತೆಯ ಕಣ್ಣು ಮೊದಲ ಸಲ ಅರಳಿತು. "ಕುಂತು ಕೌದಿ ಹೊಲೀಬೇಕ್ರಿ ಸಾಹೇಬ್ರ. ಈಕಿ ಬಾಣಂತನ ಮಾಡಬೇಕು. ಈಕಿ ತಾಯಿಲ್ಲದ ಹುಡುಗಿ ರೀ."

ನಾನು ಮುಖ ತಿರುಗಿಸಿಕೊಂಡೆ. ಡಾಕ್ಟರು ನನ್ನನ್ನೂ ನಮ್ಮವರನ್ನೂ ಕೂರಿಸಿ ಹೇಳಿದರು: "ಒಮ್ಮಿಗಿ ಬಿಡಿಸಿದ್ದು ತಪ್ಪು. ಹಂಗ ಬಿಟ್ಟಿದ್ರೂ ತಪ್ಪ ಆಗ್ತಿತ್ತು. ಹಿರೇರು, ಒಂದಿನ ನಿದ್ದಿಯಾಗ ಉಸಿರ ನಿಂತೀತು. ಮುರದ ಕಾಲಿಗೆ, ಕಡೀಗಾಲದ ಹುಣ್ಣಿನ ಬ್ಯಾನಿಗೆ ಈ ಜಾತಿ ಔಷಧದಂಥಾದ್ದು ಮತ್ತೊಂದಿಲ್ಲ. ವರ್ಸಾನಗಟ್ಲೆ ಇರೂ ಬೆನ್ನಿಗೆ ಅದು ಕೊಡೂದು ಸ್ವಲ್ಪ, ಕಸಗೊಳ್ಳೂದು ಬಾಳ. ಡಬ್ಬ್ಯಾಗ ಇದ್ದದ್ದು ಇಳಸ್ಕೋಂತ ಬರೂಣು. ಹೊಸಾದು ತರಬ್ಯಾಡ್ರಿ. ಕೀಲಿ ನಿಮ್ಮ ಹಂತೇಕ ಇರ್ಲಿ. ನಾ ಬ್ಯಾರೆ ಗುಳಿಗಿ ಕೊಡ್ತೀನಿ, ವಾರಕ್ಕೊಮ್ಮಿ ಕರಕೊಂಡು ಬರ್ರಿ. ಬ್ಯಾನಿ ಎಷ್ಟೈತಿ ಅಂತ ದಿನಾ ಕೇಳಿ ಹೈರಾಣ ಮಾಡಬ್ಯಾಡ್ರಿ. ಎಷ್ಟು ಹೊಲದ್ರು, ಸಾಲು ನೆಟ್ಟಗ ಐತೇನು, ಅದನ್ನ ನೋಡ್ರಿ."

ಅಂದಿನಿಂದ ಇಳಿಯುವ ದಾರಿ. ಭತ್ತದಿಂದ ಜೋಳಕ್ಕೆ, ಜೋಳದಿಂದ ಸಜ್ಜೆಗೆ; ನಮ್ಮವರು ಮಸ್ಕಿಯ ಸಂತೆಯಿಂದ ಒಂದು ಹಿಡಿ ಸಜ್ಜೆ ತಂದರು. ಸಂಜೆಯದು ಮೊದಲು ನಿಂತಿತು, ಆಮೇಲೆ ಬೆಳಗಿನದೂ ದಿನ ಬಿಟ್ಟು ದಿನವಾಯಿತು. ಅವಸರ ಮಾಡಲಿಲ್ಲ. ಬಿಸಿ ಉಸುಕಿನ ಗಂಟು, ಡಾಕ್ಟರು ಕಲಿಸಿದ ಕಾಲೆತ್ತುವ ಕಸರತ್ತು, ಅವರ ಬಿಳಿ ಗುಳಿಗೆ. ಕೆಟ್ಟ ದಿನಗಳು ಬಹಳ ಇದ್ದವು. ನಾನು ದಿನವೂ ಕೌದಿಯ ಸಾಲು ನೋಡುತ್ತಿದ್ದೆ. ಒಂದು ದಿನ ಎರಡೇ ಸಾಲು, ಒಂದು ದಿನ ಬರೀ ನಾಲ್ಕು ಬೆರಳು, ಆದರೆ ನೆಟ್ಟಗೆ. ಆಮೇಲೊಂದು ಮಧ್ಯಾಹ್ನ ನಾನು ಹೊಲಿದ ಗೇಣನ್ನು ಅವರು ಕಂಡುಹಿಡಿದರು.

"ಯಾರದಬೇ ಈ ಹೊಲಿಗಿ? ಕಣ್ಣು ಕಿಸೇದಾಗ ಇಟ್ಕೊಂಡು ಹೊಲದೀಯೇನು? ಎತ್ತು ಉಚ್ಚಿ ಹೊಯ್ದಂಗ ಐತಿ!"

ತುಂಬಿದ ಬಸುರಿ ನಾನು, ಅಡುಗೆಮನೆಯಿಂದ ಓಡಿಬಂದು ಅವರನ್ನು ತಬ್ಬಿಕೊಂಡೆ. "ಇನ್ನಷ್ಟು ಬೈರಿ ಅತ್ತಿ" ಎಂದೆ. "ಹುಚ್ಚು ಹಿಡದೈತಿ ಇದಕ್ಕ" ಎಂದು ಅವರು ನನ್ನನ್ನು ನೂಕಿದರು. ಬಿಚ್ಚಿ ಹೊಲಿಯುತ್ತೇನೆಂದು ಹೇಳಿದರೂ, ಏಕೋ ಆ ಗೇಣನ್ನು ಹಾಗೆಯೇ ಬಿಟ್ಟರು.

ಕೌದಿ ಮುಗಿಯುವುದಕ್ಕಿಂತ ಮೊದಲೇ ಮಗಳು ಹುಟ್ಟಿದಳು. ಅತ್ತೆ ಪಂಥದಲ್ಲಿ ಸೋತರು, ಬಾಣಂತನದಲ್ಲಿ ಸೋಲಲಿಲ್ಲ. ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆದರು, ನಡುನಡುವೆ "ಎಪ್ಪಾ" ಎಂದು ಬೆನ್ನು ಹಿಡಿದುಕೊಂಡು ಗೋಡೆಗೆ ಆತರು. ಕೂಸು ಮಗ್ಗುಲಾಗುವ ಹೊತ್ತಿಗೆ ಕೌದಿಯ ಕೊನೆಯ ಮೂಲೆ ಉಳಿದಿತ್ತು. ನಮ್ಮಲ್ಲಿ ಆ ಮೂಲೆಯೊಳಗೆ ಒಂದು ತುಣುಕು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಹಸಿದಿರಬಾರದೆಂಬ ನಂಬಿಕೆ. ಅತ್ತೆ ಸಜ್ಜೆರೊಟ್ಟಿ ಮಾಡಿಸಿ ಚೂರು ಮುರಿದು ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ "ಡಬ್ಬಿ ತಾ" ಎಂದರು. ಕೀಲಿ ತೆಗೆದು ತಂದೆ. ಡಬ್ಬಿಯ ತಳದಲ್ಲಿ ಉಳಿದದ್ದು ಒಂದೇ ಒಂದು ಗುಳಿಗೆ, ಗುಂಡಗೆ, ಸಜ್ಜೆಕಾಳಿನಷ್ಟು. ಬಹಳ ಹೊತ್ತು ಅಂಗೈಯಲ್ಲಿಟ್ಟು ನೋಡಿದರು. ರೊಟ್ಟಿಯ ಪಕ್ಕದಲ್ಲಿ ಅದನ್ನು ಒತ್ತಿ, ಬಟ್ಟೆ ಮಡಚಿ, ಸೂಜಿ ಹಾಕಿದರು.

"ಇನ್ನ ಬ್ಯಾಡೇನ್ರಿ ಅತ್ತಿ?" ಎಂದೆ.

"ಬ್ಯಾಡಂತ ಯಾರಂದ್ರು? ಬೇಕು. ಈಗೂ ಬೇಕು. ಬೇಕಂತನ ಇಲ್ಲಿಟ್ಟು ಹೊಲಿಯಾಕತ್ತೀನಿ" ಎಂದು ಹಲ್ಲಿನಿಂದ ದಾರ ಕಡಿದರು.

ಅತ್ತೆ ಆಮೇಲೂ ಹಲವು ವರ್ಷ ಬದುಕಿದರು, ನೋವಿನೊಂದಿಗೇ ಬದುಕಿದರು, ಕೊನೆಯವರೆಗೂ ನನ್ನನ್ನು ಬೈದರು. ಈಗ ನನ್ನ ಬೆನ್ನಿಗೂ ವಯಸ್ಸಾಗಿದೆ. ಡಾಕ್ಟರು ಕೊಟ್ಟ ಗುಳಿಗೆಯನ್ನು ಅವರು ಹೇಳಿದಷ್ಟೇ ನುಂಗಿ, ಈ ಕೌದಿಯ ಮೇಲೆ ಮೈಚಾಚಿ, ಸಾಲು ಹಿಡಿದು ಹೊರಟ ನನ್ನ ಬೆರಳು ಕಾಲ್ದೆಸೆಯ ಮೂಲೆಯಲ್ಲಿ ಒಂದು ಸಣ್ಣ ಗಂಟಿಗೆ ತಾಗಿ ನಿಲ್ಲುತ್ತದೆ. ಅದನ್ನು ನಾನು ಇನ್ನೂ ಬಿಚ್ಚಿಲ್ಲ. ಬಿಚ್ಚಬೇಕೆನಿಸಿದ ದಿನಗಳು ಇರಲಿಲ್ಲವೆಂದು ಮಾತ್ರ ಹೇಳಲಾರೆ.