ಕಾಂತಮ್ಮನ ಕರಾರು

ಅರಸೀಕೆರೆಯ ತಾಲ್ಲೂಕು ಆಫೀಸಿನ ಎದುರು ಬಾಡಿಗೆ ಕರಾರುಪತ್ರ ಟೈಪು ಮಾಡುತ್ತ ಕಾಂತಮ್ಮ ಇಪ್ಪತ್ತಾರು ವರ್ಷ ಕಳೆದಿದ್ದಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಒಕ್ಕಣೆ ಬದಲಾಗಲಿಲ್ಲ. ‘ಬಳಕೆಯಿಂದ ಸಹಜವಾಗಿ ಆಗುವ ಸವಕಳಿಯನ್ನು ಬಿಟ್ಟು, ಬಾಡಿಗೆದಾರರಿಂದ ಹಾನಿಯಾಗಿದ್ದರೆ ಮಾತ್ರ ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು’ ಎಂಬ ಸಾಲನ್ನು ಅವರ ಬೆರಳು ನಿದ್ದೆಯಲ್ಲೂ ಕುಟ್ಟೀತು. ಮಾಲೀಕರು ಅದನ್ನು ಓದದೆ ಸಹಿ ಹಾಕುತ್ತಾರೆ, ಬಾಡಿಗೆಯವರು ಓದಲು ಅಂಜಿ ಸಹಿ ಹಾಕುತ್ತಾರೆ. ಮನೆ ಬಿಡುವ ದಿನ ಗೋಡೆಗೆ ಬಣ್ಣ, ಬಾಡಿಗೆಯವರಿಗೆ ಸುಣ್ಣ.

ಈ ಸಿಟ್ಟನ್ನು ನುಂಗಿಕೊಂಡಿದ್ದ ಕಾಂತಮ್ಮನ ಮುಂದೆ ಒಂದು ಶುಕ್ರವಾರ ನರ್ಸ್ ಮೇಘಶ್ರೀ ಬಂದು ಕೂತಳು. ಬೇಲೂರಿಗೆ ವರ್ಗವಾಗಿತ್ತು. ಸೋಮವಾರದೊಳಗೆ ಅಲ್ಲಿ ಮೂವತ್ತು ಸಾವಿರ ಅಡ್ವಾನ್ಸ್ ಕಟ್ಟದಿದ್ದರೆ ಹುಡುಕಿಟ್ಟ ಮನೆ ಬೇರೆಯವರ ಪಾಲು. ಇಲ್ಲಿನ ಮನೆ ಮಾಲೀಕರು ಅನುಸೂಯಮ್ಮ, ಕೊಡಬೇಕಾದ ಮೂವತ್ತರಲ್ಲಿ ಹದಿನೆಂಟನ್ನು ಮುರಿದುಕೊಂಡೇ ಕೊಡುತ್ತೇನೆ ಎಂದಿದ್ದರು: ಬಣ್ಣಕ್ಕೆ, ಅಡುಗೆಮನೆ ಗೋಡೆ ಒದ್ದೆ ಹಿಡಿದದ್ದಕ್ಕೆ, ಮೂರು ಮೊಳೆಗೆ ಮೂರು ಸಾವಿರ.

“ಕ್ಯಾಲೆಂಡರ್‌ಗೆ ಹೊಡೆದ ಮೊಳೆ ಆಂಟಿ.”

“ಕ್ಯಾಲೆಂಡರ್ ನೀನು ಹಾಕ್ದೆ, ಟೋಪಿ ಅವರು ಹಾಕಿದ್ರು.”

“ಹೋಗ್ಲಿ ಬಿಡಿ. ದೊಡ್ಡೋರ ಹತ್ರ ಏನು ಜಗಳ.”

“ಆ ‘ಹೋಗ್ಲಿ ಬಿಡಿ’ಯಲ್ಲೇ ಇವರು ಮಹಡಿ ಮೇಲೆ ಮಹಡಿ ಕಟ್ಟಿರೋದು ಕಣೇ.” ಕಾಂತಮ್ಮನ ಮೈ ಉರಿಯುತ್ತಿತ್ತು. “ಸೇರಿದಾಗ ಗೋಡೆ ಫೋಟೊ ತೆಗೆದಿದ್ಯಾ?”

“ಗೋಡೆ ಫೋಟೊ ಯಾರು ತೆಗೀತಾರೆ ಆಂಟಿ?”

“ಹಾಲು ಉಕ್ಕಿಸಿದ್ದು?”

“ಅದಿದೆ.”

ಬಾಡಿಗೆಯ ಮನೆಯಾದರೂ ಹಾಲು ಉಕ್ಕಿಸದೆ ಯಾರೂ ಒಳಗೆ ಸೇರುವುದಿಲ್ಲ. ಮಾಲೀಕರನ್ನು ಕರೆಯದೆ ಉಕ್ಕಿಸುವುದೂ ಇಲ್ಲ. ಮೇಘಶ್ರೀಯ ಫೋನಿನಲ್ಲಿ ಒಲೆ, ಉಕ್ಕುತ್ತಿರುವ ಪಾತ್ರೆ, ಪಕ್ಕದಲ್ಲಿ ತಲೆ ತುಂಬ ಮಲ್ಲಿಗೆ ಮುಡಿದ ಅನುಸೂಯಮ್ಮ. ಅವರ ಹಿಂದೆ, ಮೊರದಷ್ಟು ಅಗಲಕ್ಕೆ ಒದ್ದೆಯ ಕಲೆ.

ಶನಿವಾರ ಕಾಂತಮ್ಮ ಅಂಗಡಿಗೆ ಬಾಗಿಲು ಹಾಕಿ ಮೇಘಶ್ರೀಯೊಂದಿಗೆ ಅನುಸೂಯಮ್ಮನ ಜಗುಲಿ ಹತ್ತಿದರು.

“ಏನ್ ಕಾಂತಮ್ಮ, ಬಾಡಿಗೆಯವರ ಲಾಯರ್ ಆಗ್ಬಿಟ್ರಾ?”

“ನೀವು ಸಹಿ ಹಾಕಿದ ಕರಾರನ್ನೇ ಓದಕ್ಕೆ ಬಂದೆ ಕಣ್ರೀ.” ಕಾಂತಮ್ಮ ಸವಕಳಿಯ ಆ ಸಾಲನ್ನು ಗಟ್ಟಿಯಾಗಿ ಓದಿದರು. “ಐದು ವರ್ಷಕ್ಕೆ ಬಣ್ಣ ಮಾಸೋದು, ಮೂರು ಮೊಳೆ ಹೊಡೆಯೋದು ಸವಕಳಿ. ಹಾನಿ ಅಲ್ಲ. ರಿಪೇರಿ ಬಿಲ್ ಕೊಡಿ ನೋಡೋಣ.”

“ಇನ್ನೂ ಮಾಡ್ಸಿಲ್ಲ.”

“ಒದ್ದೆ?”

“ಅದು ಇವಳು ನೀರು ಚೆಲ್ಲಿದ್ದು.”

ಮೇಘಶ್ರೀ ಫೋನು ಮುಂದೆ ಹಿಡಿದಳು. ಅನುಸೂಯಮ್ಮ ಕನ್ನಡಕ ಏರಿಸಿ ನೋಡಿದರು.

“ಅದು ನೆರಳು.”

“ನೆರಳಿಂದ ಸುಣ್ಣ ಉದುರುತ್ತಾ? ನಿಮ್ಮ ಭುಜದ ಮೇಲೂ ಬಿದ್ದೈತೆ ನೋಡಿ. ಆ ಗೋಡೆ ಪಕ್ಕ ನಿಂತೇ ಇವಳ ಕೈಯ ಹಾಲು ಕುಡಿದ್ರಿ. ಈಗ ಇವಳ ಬಾಯಿಗೇ ಮಣ್ಣು ಹಾಕ್ತಿದ್ದೀರಿ.” ಕಾಂತಮ್ಮ ಚೀಲದಿಂದ ಕಾಗದ ತೆಗೆದರು. “ಫೋಟೊ ಸಮೇತ ನೋಟಿಸು. ಟೈಪ್ ಆಗೈತೆ, ಅಂಚೆಗೆ ಹಾಕೋದೊಂದು ಬಾಕಿ. ಆಮೇಲೆ ಕೋರ್ಟು.”

ಅನುಸೂಯಮ್ಮ ನೋಟಿಸನ್ನು ಎರಡು ಸಲ ಓದಿದರು. ಕಾಂತಮ್ಮ ಟೈಪಿಸಿದ ಕಾಗದವನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು. ಫೋನ್ ತೆಗೆದು ಮೂವತ್ತು ಸಾವಿರವನ್ನೂ ಮೇಘಶ್ರೀಯ ಖಾತೆಗೆ ಹಾಕಿದರು.

“ಇನ್ನು ನಮ್ಮ ಮೂರು ಮನೆ ಕರಾರೂ ನಿಮ್ಮ ಹತ್ರ ಮಾಡ್ಸಲ್ಲ.”

“ಮಾಡಿಸ್ಬೇಡಿ,” ಎಂದು ಕಾಂತಮ್ಮ ಚಪ್ಪಲಿ ಮೆಟ್ಟಿದರು.

ಬುಧವಾರ ಬೇಲೂರಿನಿಂದ ಫೋಟೊಗಳು ಬಂದವು. ನಾಲ್ಕು ಗೋಡೆ, ಚಾವಣಿ, ನಲ್ಲಿ, ಕಿಟಕಿಯ ಮುರಿದ ಚಿಲಕ. ಕೆಳಗೆ ಒಂದು ಸಾಲು: “ಹಾಲು ನಮ್ಮಮ್ಮ ನೋಡ್ಕೊಂಡ್ರು ಆಂಟಿ, ಗೋಡೆ ನಾನು ನೋಡ್ಕೊಂಡೆ.”