ಕೊರಳ ಎತ್ತರಕ್ಕೆ ನಿಲ್ಲಿಸಿದ ರಟ್ಟು

ಕಲಘಟಗಿ ರಸ್ತೆಯ ಬದಿಯ ಒಂದು ಲ್ಯಾಬಿನಲ್ಲಿ ನಾನು ಆರು ವರ್ಷ ದುಡಿದೆ. ಬುಲೆಟ್‌ಪ್ರೂಫ್ ಜಾಕೆಟ್ಟಿನೊಳಗೆ ಇಡುವ ಉಕ್ಕಿನ ಪ್ಲೇಟುಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ಬೇರೆ ಬೇರೆ ಮಿಶ್ರಣದ ಉಕ್ಕು ಬರುತ್ತಿತ್ತು. ನಾನು ಅದರ ಗಡಸುತನ ಅಳೆಯುತ್ತಿದ್ದೆ. ಆಮೇಲೆ ಪ್ಲೇಟನ್ನು, ಮನುಷ್ಯನ ಎದೆಯ ಬದಲಿಗೆ ಇಟ್ಟ ಜೇಡಿಮಣ್ಣಿನ ಗಟ್ಟಿಗೆ ಕಟ್ಟಿ ಗುಂಡು ಹಾರಿಸುತ್ತಿದ್ದರು. ಗುಂಡು ತೂರಬಾರದು, ಹಿಂದಿನ ಮಣ್ಣಿನಲ್ಲಿ ತಗ್ಗು ಆಳವಾಗಬಾರದು. ಇಷ್ಟಾದರೆ ಪಾಸು.

ಪ್ಲೇಟು ಕಟ್ಟುತ್ತಿದ್ದವರು ದುಮ್ಮವಾಡದ ಒಬ್ಬ ಕಾಕಾ. ಮಣ್ಣನ್ನು ಹೋಳಿಗೆಯ ಕಣಕದಂತೆ ನಾದಿ ನಾದಿ ಚೌಕಟ್ಟಿಗೆ ತುಂಬುತ್ತಿದ್ದರು. ಅವರ ಒಬ್ಬನೇ ಮಗ ಅರೆಸೇನಾ ಪಡೆಯಲ್ಲಿದ್ದ. ಒಂದು ಶ್ರಾವಣದಲ್ಲಿ ಅವನ ಶವ ಊರಿಗೆ ಬಂತು.

ಹದಿನೈದು ದಿನ ಬಿಟ್ಟು ಕಾಕಾ ಕೆಲಸಕ್ಕೆ ಬಂದರು. ಮಣ್ಣು ನಾದುತ್ತ, ನನ್ನ ಮುಖ ನೋಡದೆ ಕೇಳಿದರು: "ಅಕ್ಕಾರ, ಅಂವನ ಎದ್ಯಾಗ ಗುಂಡು ಹೊಕ್ಕಿಲ್ಲಂತರಿ. ಪ್ಲೇಟು ತಡದೈತಂತ. ಮತ್ತ ಕೊರಳು ಹೆಂಗ ಹರೀತರಿ?"

ನನಗೆ ಉತ್ತರ ಗೊತ್ತಿತ್ತು. ಗಡಸು ಉಕ್ಕಿಗೆ ಬಡಿದ ಗುಂಡು ಚೂರಾಗಿ ಸುತ್ತಲೂ ಸಿಡಿಯುತ್ತದೆ. ಪ್ಲೇಟಿನ ಮೇಲಂಚಿನ ಆಚೆಗಿರುವುದು ಗಂಟಲು.

"ಚೂರು ಸಿಡದಿರಬೇಕ್ರಿ ಕಾಕಾರ."

"ಅದನ್ನ ನಾವು ಪರೀಕ್ಷಾ ಮಾಡೂದಿಲ್ಲಲ್ರಿ?"

"ಇಲ್ರಿ."

ಮರುದಿನ ಅವರು ಖಾಲಿ ಡಬ್ಬಿಯ ರಟ್ಟು ಕತ್ತರಿಸಿ, ಪ್ಲೇಟಿನ ಮೇಲೆ ಕೊರಳ ಎತ್ತರಕ್ಕೆ ನಿಲ್ಲಿಸಿದರು. ನಾನು ತಡೆಯಲಿಲ್ಲ. ಗುಂಡು ಹಾರಿತು. ಪ್ಲೇಟು ತೂತಾಗಲಿಲ್ಲ, ಮಣ್ಣಿನ ತಗ್ಗೂ ಮಿತಿಯೊಳಗೇ ಇತ್ತು. ರಟ್ಟು ಮಾತ್ರ ಜರಡಿಯಾಗಿತ್ತು. ಕಾಕಾ ಒಂದೊಂದು ತೂತನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಅಳಲಿಲ್ಲ.

ವರದಿಯಲ್ಲಿ ನಾನು ಅದನ್ನು ಬರೆದೆ. ಚೂರು ಹಿಡಿಯುವಂಥ ದಪ್ಪ ರಬ್ಬರಿನ ಹೊದಿಕೆ ಬೇಕು ಎಂದೂ ಸೇರಿಸಿದೆ. ಮ್ಯಾನೇಜರ್ ಕರೆಸಿದರು.

"ಗಿರಾಕಿ ಕೇಳಿದ್ದಷ್ಟ ಬರೀರಿ. ಹೊದಿಕಿ ಹಾಕಿದ್ರ ತೂಕ ಹೆಚ್ಚಾಗತೈತಿ, ಮಾಲು ವಾಪಸ್ ಬರತೈತಿ. ಆ ಸಾಲು ತೆಗೀರಿ."

ಆಗ ನನ್ನ ಗಂಡನ ಕೆಲಸ ಹೋಗಿತ್ತು, ಮನೆ ನನ್ನ ಮೇಲಿತ್ತು. ಈ ಕಾರಣವನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಾಲು ತೆಗೆದೆ. ಸಹಿ ಮಾಡಿದೆ.

ಕಾಕಾಗೆ ಬೇರೆಯವರಿಂದ ಗೊತ್ತಾಗುವುದು ಬೇಡವೆಂದು ನಾನೇ ಹೋಗಿ ಹೇಳಿದೆ. ಅವರು ಕೈಗೆ ಮೆತ್ತಿದ ಮಣ್ಣು ಕೆರೆದುಕೊಳ್ಳುತ್ತ, "ನೀವರ ಏನ್ ಮಾಡ್ತೀರಿ ಬಿಡ್ರಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ವಾರವೇ ಅವರು ಕೆಲಸ ಬಿಟ್ಟರು.

ನಾನು ಇನ್ನೂ ಎರಡು ವರ್ಷ ಅಲ್ಲೇ ಇದ್ದೆ. ಆ ಮಿಶ್ರಣದ ಪ್ಲೇಟುಗಳು ಲಾರಿ ಲಾರಿ ಹೋದವು. ಹೊದಿಕೆಯಿಲ್ಲದೆಯೇ ಹೋದವು.

ಒಮ್ಮೆ ದುಮ್ಮವಾಡದ ಬಸ್ ನಿಲ್ದಾಣದಲ್ಲಿ ಕಾಕಾ ಕಂಡರು. ಅವರೇ ಹತ್ತಿರ ಬಂದು, "ಆರಾಮ ಅದೀರಿಲ್ರಿ ಅಕ್ಕಾರ?" ಎಂದರು. ನಾನು ಹೌದೆಂದು ತಲೆಯಾಡಿಸಿ, ಬಂದ ಬಸ್ಸು ಎಲ್ಲಿಗೆ ಹೋಗುತ್ತದೆಂದು ನೋಡದೆ ಹತ್ತಿಬಿಟ್ಟೆ.