ಗಿರಣಿಯ ಮೇಲಿನ ಕೋಣೆ

ರಾಯಚೂರಿನಲ್ಲಿ ನಮಗೆ ನಾಲ್ಕು ದಿನ ತರಬೇತಿ ಕೊಟ್ಟಿದ್ದರು. ಹುಡುಗ ಹುಡುಗಿಯರು ಹೇಳಿಕೊಂಡದ್ದು ಮೂರನೆಯವರ ಕಿವಿಗೆ ಬೀಳಬಾರದು, ಬಾಗಿಲು ಹಾಕಿಕೊಂಡೇ ಮಾತಾಡಬೇಕು ಎಂದದ್ದನ್ನು ನಾನು ದಪ್ಪಕ್ಷರದಲ್ಲಿ ಬರೆದುಕೊಂಡೆ. ಆಮೇಲೆ ದೇವದುರ್ಗದ ಯುವಜನ ಕೇಂದ್ರದ ಹೊಣೆ ನನಗೆ ಬಂತು. ಮಾನ್ವಿಯಲ್ಲಿ ಇಂಥದ್ದೇ ಒಂದು ಕೇಂದ್ರ ಹುಡುಗಿಯರು ಬರುವುದನ್ನು ಬಿಟ್ಟದ್ದರಿಂದ ಮುಚ್ಚಿಹೋಗಿತ್ತು. ಯಾಕೆ ಬಿಟ್ಟರು ಎಂದು ನಾನು ಕೇಳಲಿಲ್ಲ. ಅಲ್ಲಿದ್ದವರಿಗೆ ಕೆಲಸ ಬರುತ್ತಿರಲಿಲ್ಲ ಎಂದು ನನ್ನಷ್ಟಕ್ಕೇ ತೀರ್ಮಾನಿಸಿದ್ದೆ.

ನಮ್ಮದು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ. ಒಂದು ಕೇರಂ ಬೋರ್ಡು, ಎರಡು ಹೊಲಿಗೆ ಯಂತ್ರ, ಅರ್ಜಿ ತುಂಬಲು ಒಂದು ಕಂಪ್ಯೂಟರು. ಕೆಳಗೆ ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿಗಳನ್ನು ಸಾಲಿಗಿಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮೆಟ್ಟಿಲು ಹತ್ತುವವರು, ಇಳಿಯುವವರು ಎಲ್ಲ ಅವರ ಕಣ್ಣೆದುರೇ.

ಹೊಲಿಗೆ ಕಲಿಯಲು ಬರುತ್ತಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳು ಪಿಯುಸಿಯಲ್ಲಿ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡಿದ್ದಳು. ಒಂದು ದಿನ ಮಾತಾಡಬೇಕು ಎಂದಳು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

"ಸಿರವಾರದ ಸ್ವಾದರಮಾವಗ, ನಮ್ಮವ್ವನ ತಮ್ಮಗ, ಕೊಡಾಕತ್ತಾರ್ರಿ. ನಾ ಬ್ಯಾಡ ಅನ್ನಂಗಿಲ್ಲ. ಮೊದ್ಲ ಪರೀಕ್ಷಾ ಬರೀತೀನಿ, ಆಮ್ಯಾಲ ಮದುವಿ. ನಮ್ಮವ್ವಗ ನೀವ ಒಂದ್ ಮಾತ್ ಹೇಳ್ರಿ ಮೇಡಂ," ಎಂದಳು. ಸ್ವಲ್ಪ ಅತ್ತು, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು.

ಮರುದಿನ ಅವಳ ತಾಯಿಯೇ ಬಂದಳು. "ಹಾಡಾಹಗಲ ಬಾಗ್ಲಾ ಹಾಕ್ಕೊಂಡು ನನ್ ಮಗಳ ಕೂಡ ಏನ್ ಮಾತಾಡಿದ್ರಿ?"

ಹುಡುಗಿ ಹೇಳಲು ಬೇಡಿಕೊಂಡಿದ್ದ ಮಾತನ್ನು ಆಗಲೇ ಹೇಳಿಬಿಡಬಹುದಿತ್ತು. ಆದರೆ ನನಗೆ ಕಲಿತು ಬಂದ ಸೊಕ್ಕು. ಮೊದಲು ಹುಡುಗಿಯ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಬೇಕು, ಆಮೇಲೆ ಮನೆಭೇಟಿ ಎಂಬ ಕ್ರಮವಿತ್ತು. "ಅದೆಲ್ಲ ಗೌಪ್ಯ, ಹೇಳೋ ಹಾಗಿಲ್ಲ," ಎಂದೆ.

"ಹೇಳಾಕ ಬರದಂಥಾದ್ದು ಏನದ ಅಂದ್ರ..." ಎಂದು ಆಕೆ ಅಷ್ಟಕ್ಕೇ ನಿಲ್ಲಿಸಿದಳು.

ವಾರದೊಳಗೆ ಹುಡುಗಿಗೆ ಯಾರೋ ಇದ್ದಾನೆ, ಮೇಡಂ ನಡುವೆ ನಿಂತು ಓಡಿಸುತ್ತಾಳೆ ಎಂದು ಸುದ್ದಿಯಾಯಿತು. ಅವಸರದಲ್ಲಿ ಮದುವೆ ಮುಗಿಸಿದರು. ಪರೀಕ್ಷೆಯ ಹೊತ್ತಿಗೆ ಅವಳು ಸಿರವಾರದಲ್ಲಿದ್ದಳು. ನಮ್ಮ ಕೋಣೆಯಲ್ಲಿ ಉಳಿದವರು ಕೇರಂ ಆಡುವ ಗಂಡುಹುಡುಗರು ಮಾತ್ರ.

ಕೇಂದ್ರವನ್ನು ಉಳಿಸಿದವಳು ಗಿರಣಿಯಾಕೆ. "ಬಾಗ್ಲ ಹೊಚ್ಚಲಾ ದಾಟಿ ಬಂದು ಕೆಳಗ ಕುಂದರ್ರಿ. ಎಲ್ಲಾರ ಮುಂದ ಕುಂತ್ರ ಯಾರೂ ಸಂಶಿ ಮಾಡಂಗಿಲ್ಲ. ಗಿರಣಿ ಸಪ್ಪಳದಾಗ ನಿಮ್ಮ ಮಾತರ ಯಾರಿಗಿ ಕೇಳ್ತದ?" ಎಂದಳು. ನಾನು ಕೆಳಗಿನ ಮೆಟ್ಟಿಲಿಗೆ ಇಳಿದೆ. ಹುಡುಗಿಯರು ಜೋಳದ ಡಬ್ಬಿ ಹಿಡಿದು ಬಂದು ಪಕ್ಕದಲ್ಲಿ ಕೂರತೊಡಗಿದರು. ಗಿರಣಿ ತಿರುಗುವಷ್ಟು ಹೊತ್ತು ಮನೆಯ ವಿಷಯ, ಕರೆಂಟು ಹೋದೊಡನೆ ಪುಂಡಿಪಲ್ಯದ ವಿಷಯ. ರಾಯಚೂರಿಗೆ ಕಳಿಸುವ ವರದಿಯಲ್ಲಿ ಈ ಪದ್ಧತಿಗೆ ಹೆಸರೇನು ಕೊಡಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಮರುವರ್ಷ ಆ ಹುಡುಗಿ ತವರಿಗೆ ಬಂದವಳು ಗಿರಣಿಗೂ ಬಂದಳು. ಜೊತೆಗೆ ಅತ್ತೆ, ಅಂದರೆ ಅವಳ ಸ್ವಂತ ಅಜ್ಜಿ. ಹುಡುಗಿ ನನ್ನ ಪಕ್ಕ ಕೂತು, "ಈಗರ ಕೇಳ್ರಿ, ಇಲ್ಲೇ ಅದಾಳ," ಎಂದಳು. ನಾನು ಎಲ್ಲರೆದುರೇ ಮುದುಕಿಯನ್ನು ಕೇಳಿದೆ, ಇವಳಿಗೆ ಒಂದು ಪರೀಕ್ಷೆ ಬರೆಯಲು ಬಿಡುತ್ತೀರಾ ಎಂದು.

ಮುದುಕಿ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. "ಇಷ್ಟ ಏನು? ಅವತ್ತ ಹಿಂಗ ಕೇಳಿದ್ರ ಬರೀಲಿ ಅಂತಿದ್ನೆವ್ವಾ. ಮದುವಿ ಎಲ್ಲಿ ಓಡಿ ಹೋಗ್ತಿತ್ತು? ಈಗ ಆಕಿಗಿ ಏಳು ತಿಂಗಳು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.